ತಾನೂ ಸುತ್ತುವ ಎಂಜಿನ್ನು

ಪಂಖ ಅರ್ಧ ಸುತ್ತಿಗೇ ಬಿಗಿದು ನಿಂತಿತು. ಕೊಟ್ಟೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಮಸ್ತಾನಸಾಬ ಕೈ ಹಿಂತೆಗೆದ. ಅರದಿಂದ ಉಜ್ಜಿ ಉಜ್ಜಿ ಅವನೇ ಮಾಡಿದ, ಹಳೆಗಾಲದ ವಿಮಾನದ ಎಂಜಿನ್ನಿನ ತಟ್ಟೆಯಗಲದ ಮಾದರಿ ಅದು. ಪಂಖದೊಂದಿಗೆ ತಾನೂ ಸುತ್ತಬೇಕು. ಆದರೆ ಒಳಗಿನ ಮಶಿನ್ ಎಣ್ಣೆಯನ್ನು ಉರಿಯಲು ಬರುವ ಪೆಟ್ರೋಲೇ ತೊಳೆದುಬಿಡುತ್ತಿತ್ತು. ಇನ್ನೊಮ್ಮೆ ಒಣಗಿ ತಿರುಗಿದರೆ ಸಿಲಿಂಡರುಗಳು ಗೀರುಬಿದ್ದು ಹಾಳಾದಂತೆಯೇ.

"ಮಸ್ತಾನಣ್ಣ, ಕೈ ತೊಳಿಯಾಕ ಅದೆಂಥಾ ಪೆಟ್ರೋಲ್ ಕೊಟ್ಟೀಯಪ್ಪಾ?" ಪಕ್ಕದ ಹರಳೆಣ್ಣೆ ಗಾಣದ ಅನ್ನದಾನಮ್ಮ ಅಂಗೈ ಚಾಚುತ್ತ ಬಂದಳು. "ಎಷ್ಟು ತಿಕ್ಕಿದ್ರೂ ಔಡಲೆಣ್ಣಿ ಜಿಡ್ಡು ಹೋಗವಲ್ದು. ನೀರು ಬೆರೆಸೀಯೇನು?"

ಮಸ್ತಾನಸಾಬ ಆ ಜಿಡ್ಡುಗೈಯನ್ನೇ ನೋಡಿದ. ಪೆಟ್ರೋಲು ಅಲ್ಲಿ ಸೋತಿತ್ತು.

"ನೀರಲ್ಲವ್ವಾ. ನಾ ಬೇಡಿದ್ದನ್ನ ದೇವರು ನಿನ್ನ ಕೈಯಾಗ ಕಳಿಸ್ಯಾನ. ಒಂದು ಲೋಟ ಔಡಲೆಣ್ಣಿ ತಾ, ಈ ಎಂಜಿನ್ನಿಗೆ ಹಾಕೂನು."

"ಯಾಕ, ವಿಮಾನಕ್ಕೂ ಹೊಟ್ಟಿ ಕಟ್ಟೈತೇನು?" ನಗುತ್ತಲೇ ತಂದುಕೊಟ್ಟಳು.

ಹಳೆಯ ಎಣ್ಣೆ ಬಸಿದು, ಔಡಲೆಣ್ಣೆ ಬಿಟ್ಟು, ಬಿಗಿ ಸಡಿಲುವವರೆಗೆ ಮೆಲ್ಲಗೆ ತಿರುಗಿಸಿ, ಬಿಸ್ಮಿಲ್ಲಾ ಎಂದು ಪಂಖ ಎಳೆದ. ಎಂಜಿನ್ನು ಒಮ್ಮೆ ಕೆಮ್ಮಿ, ಗಿರ್ರನೆ ಸುತ್ತತೊಡಗಿತು. ನೀಲಿ ಹೊಗೆ ಅಂಗಡಿ ತುಂಬಿತು. ಸೆರಗನ್ನು ಮೂಗಿಗೆ ಒಯ್ದ ಅನ್ನದಾನಮ್ಮ ಹಾಗೇ ನಿಂತಳು.

"ಅಯ್ಯ, ಬಾಣಂತಿ ಮನಿ ವಾಸನಿ ಬರ್ತೈತಲ್ಲೋ ಅಣ್ಣಾ."

"ಬರಬೇಕಲ್ಲವ್ವಾ," ಎಂದ ಮಸ್ತಾನಸಾಬ, ಸುತ್ತುವ ಎಂಜಿನ್ನಿನಿಂದ ಕಣ್ಣು ಕೀಳದೆ. "ಕೂಸು ಈಗ ಹುಟ್ಟೈತಿ."