ಲಂಡನ್ ಪೆನ್ನಿನ ಊರು

ಟೊಪ್ಪಿಗೆಯ ಕ್ಲಿಪ್ಪು ಮುರಿಯಿತೆಂದು ಬಾಳಕೃಷ್ಣ ಮಾಸ್ತರರು ರಿಪೇರಿಗೆ ತಂದ ಪೆನ್ನನ್ನು ಕೃಷ್ಣಾಜಿ ಮೂರನೆಯ ಸಲ ಬಿಚ್ಚಿ ನೋಡಿದರು. ಬೈಲಹೊಂಗಲದ ಪೇಟೆಯಲ್ಲಿ ಹದಿನೆಂಟು ವರ್ಷ ಪೆನ್ನು ರಿಪೇರಿ ಮಾಡಿದ ಅವರಿಗೆ, ಕೈಗೆ ಬಂದ ಪ್ರತಿ ಪೆನ್ನಿನ ಕುಲಗೋತ್ರವನ್ನು ವಹಿಯಲ್ಲಿ ಬರೆದಿಡುವ ಹುಚ್ಚು. ಯಾವ ಕಂಪನಿ, ಯಾವ ಊರು, ಮಾಡಿದವರು ಯಾರು. ಈ ಪೆನ್ನಿನ ಮೇಲೆ ಇಂಗ್ಲಿಷಿನಲ್ಲಿ ಕೊರೆದಿದ್ದ ‘ಎಡ್ವಿನ್, ಲಂಡನ್’ ಮಾತ್ರ ಅವರ ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲ.

“ವಿಲಾಯತಿ ಮಾಲದು. ರಾಮದುರ್ಗದ ಸಂತ್ಯಾಗ ತೊಗೊಂಡೇನಿ,” ಎಂದರು ಮಾಸ್ತರರು.

“ವಿಲಾಯತಿ ಮಂದಿಗೆ ತಮ್ಮ ಅಕ್ಷರಾನ ಬರೋದಿಲ್ಲೇನ್ರಿ? ಇಲ್ಲೆ ನೋಡ್ರಿ, ಲಂಡನ್ ಅನ್ನೋದ್ರಾಗ ಎರಡೂ ‘ಎನ್’ ಉಲ್ಟಾ ಆಗ್ಯಾವ.”

“ಬರೀಲಿಕ್ಕೆ ಛಲೋ ಅದಲ್ಲ, ಸಾಕು ಬಿಡ್ರಿ.”

ಕೃಷ್ಣಾಜಿಯ ನಿದ್ದೆಗೆಡಿಸಿದ್ದೂ ಅದೇ. ನಿಬ್ಬಿನ ಕೆಳಗಿನ ನಾಲಗೆಯಲ್ಲಿ ಶಾಯಿ ಹರಿಯುವ ಗೀರು ಕೂದಲೆಳೆಯಷ್ಟು ಸಣ್ಣ, ನೇರ. ಶಾಯಿ ಕಕ್ಕುವುದಿಲ್ಲ, ಒಣಗುವುದೂ ಇಲ್ಲ. ಅಕ್ಷರ ಬಾರದ ಯಾವ ಕೈ ಇಷ್ಟು ನಾಜೂಕು ಕೆಲಸ ಮಾಡಿತು?

ಮುಂದಿನ ಸಂತೆಗೆ ಅವರು ರಾಮದುರ್ಗದ ಮೋಟಾರು ಹತ್ತಿಯೇಬಿಟ್ಟರು. ಪೆನ್ನು ಮಾರುವ ಉಳವಪ್ಪ ಮೊದಲು ಮುಂಬಯಿ ಮಾಲೆಂದು ಆಣೆ ಮಾಡಿದ. ಕೃಷ್ಣಾಜಿ ಎರಡು ಪೆನ್ನು ಕೊಂಡು ಅವನ ಗೋಣಿತಟ್ಟಿನ ಮೇಲೆ ಜಪ್ಪಯ್ಯ ಅಂದರೂ ಏಳದೆ ಕೂತಾಗ, ತಗ್ಗಿದ ದನಿಯಲ್ಲಿ ಒಂದು ಹಳ್ಳಿಯ ಹೆಸರು ಹೇಳಿದ. ಕೃಷ್ಣಾಜಿ ಬೆರಗಾದರು. ಅದು ಬಾಳಕೃಷ್ಣ ಮಾಸ್ತರರು ಸಾಲಿ ಕಲಿಸುವ ಊರು!

ಕೃಷ್ಣಾಜಿ ಹುಡುಕಿಕೊಂಡು ಹೋದದ್ದು ಊರ ಹೊರಗಿನ ಕೇರಿಯ ಕೊನೆಯ ಮನೆಗೆ. ಪೆನ್ನು ಮಾಡಿದವನು ಊರವರ ಪಾಲಿಗೆ ಬರೀ ಬುಗುರಿ ಮಾಡುವ ಹನುಮಪ್ಪ. ಮುಂಬಯಿಯ ಪೆನ್ನಿನ ಕಾರಖಾನೆಯಲ್ಲಿ ಹನ್ನೆರಡು ವರ್ಷ ದುಡಿದು, ಅದು ಮುಚ್ಚಿದಾಗ ಕಾಲಿನಿಂದ ತುಳಿಯುವ ಒಂದು ಲೇಥು ಹೊತ್ತು ತಂದಿದ್ದನೆಂಬುದು ಯಾರಿಗೂ ಬೇಕಾಗಿರಲಿಲ್ಲ. ಕೃಷ್ಣಾಜಿಯ ಧೋತರ, ಕರಿ ಟೊಪ್ಪಿಗೆ ಕಂಡು ಅವನು ಚಕ್ರ ನಿಲ್ಲಿಸಿ ಎದ್ದು ನಿಂತ. ಬಂದ ಕಾರಣ ಕೇಳಿ, ಆಗಷ್ಟೇ ಮುಗಿಸಿದ ಪೆನ್ನನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ.

ಕೃಷ್ಣಾಜಿ ಅದನ್ನೆತ್ತಿ ಬಿಸಿಲಿಗೆ ಹಿಡಿದರು. ಅದೇ ಗೀರು. ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು.

“ಇಷ್ಟು ಛಲೋ ಕೆಲಸ ಮಾಡಿ ಲಂಡನ್ ಅಂತ ಯಾಕ ಹಾಕ್ತೀರಿ? ನಿಮ್ಮ ಹೆಸರು ಹಾಕ್ರಿ.”

‘ರಿ’ ಎಂದದ್ದು ತನಗೇ ಎಂದು ನಂಬದೆ ಹನುಮಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ನಕ್ಕ. “ನನ್ನ ಹೆಸರಿನ ಪೆನ್ನ ಯಾರ್ ಮುಟ್ತಾರ್ರೀ?”

ಕೃಷ್ಣಾಜಿ ಚೀಲದಿಂದ ವಹಿ ತೆಗೆದರು. “ಇದರಾಗರ ಬರಕೋತೇನಿ. ಮಾಡಿದವರ ಹೆಸರು ಎಲ್ಲೆರೆ ಒಂದು ಕಡೆ ಇರಬೇಕು.”

ಹನುಮಪ್ಪ ಆ ಬರಿ ಹಾಳೆಯನ್ನೇ ನೋಡುತ್ತ ನಿಂತ.

“ಬರಕೋರಿ. ಆದ್ರ ನಮ್ಮೂರ ಮಾಸ್ತರಿಗೆ ಹೇಳಬ್ಯಾಡ್ರಿ. ನನ್ನ ಪೆನ್ನಿಲೆ ದಿನಾ ಹಾಜರಿ ಹಾಕ್ತಾರ ಅವರು. ನನ್ನ ಮಗಳು ಸಾಲಿ ಬಾಗಲ ಹೊರಗ ಕುಂತು ‘ಹಾಜರ್’ ಅಂತಾಳ.”