ಪರೀಕ್ಷಕ ಬಂದ ಮಧ್ಯಾಹ್ನ

ಬಾಗಿಲಲ್ಲಿ ನಿಂತವನು ಪತ್ರಕರ್ತನೇ ಎಂದು ಮೊದಲು ಪತ್ತೆ ಹಚ್ಚಿದವನು ವಿಮಾ ಏಜೆಂಟ್. ಇಸ್ತ್ರಿ ಕಾಣದ ಅಂಗಿ, ನಿದ್ದೆಗೆಟ್ಟು ಕೆಂಪಾದ ಕಣ್ಣು, ಬೋಳಿಸದೆ ಬಿಟ್ಟ ಗಡ್ಡ. ಏಜೆಂಟ್ ಪಕ್ಕದಲ್ಲಿದ್ದ ಬೇಕರಿಯವನನ್ನು ತಿವಿದ.

“ಇವನೇ. ರಾತ್ರಿ ಪಾಳಿ ಮಾಡೋರು ಹೀಗೇ ಇರೋದು.”

“ಫಾದರ್ ಇದ್ದಾರಾ?” ಎಂದ ಬಂದವನು.

“ನೋಡಿದ್ಯಾ, ಏನೂ ಗೊತ್ತಿಲ್ಲದವನ ಹಾಗೆ ಶುರು ಹಚ್ಕೊಂಡ,” ಎಂದು ಏಜೆಂಟ್ ಪಿಸುಗುಟ್ಟಿದ.

ಚರ್ಚಿನ ಸಭಾಂಗಣದಲ್ಲಿ ಆ ಮಧ್ಯಾಹ್ನ ಪರೀಕ್ಷೆಯಿತ್ತು. ಟಿವಿಯಲ್ಲಿ ಧರ್ಮದ ಮಾತು ಬಂದಾಗಲೆಲ್ಲ ಪಾದ್ರಿಗಳೇ ಏಕೆ ಕೂರಬೇಕು, ಸಂಸಾರಸ್ಥರೂ ತಮ್ಮ ವಿಶ್ವಾಸದ ಬಗ್ಗೆ ಬಾಯಿ ಬಿಡಲಿ ಎಂದು ಬಿಷಪರು ಬಯಸಿದ್ದರು. ಅದಕ್ಕಾಗಿ ಶನಿವಾರ ಶನಿವಾರ ತರಬೇತಿ ನಡೆದಿತ್ತು. ಇಂದು ಗೆದ್ದವರಿಗೆ ಭಾನುವಾರದ ಟಿವಿ ಚರ್ಚೆಯಲ್ಲಿ ಕುರ್ಚಿ. ಪರೀಕ್ಷಿಸಲು ಬಿಷಪರ ಕಚೇರಿ ಒಬ್ಬ ಒರಟು ಪತ್ರಕರ್ತನನ್ನು ಕಳಿಸುವುದಾಗಿ ಹೇಳಿತ್ತು. ಯಾವ ವೇಷದಲ್ಲಿ, ಏನು ನೆಪ ಹೇಳಿಕೊಂಡು ಬರುತ್ತಾನೆ ಎಂಬುದನ್ನು ತರಬೇತುದಾರಳಿಗೂ ತಿಳಿಸಿರಲಿಲ್ಲ.

ಆ ಕುರ್ಚಿಯ ಮೇಲೆ ನಿವೃತ್ತ ಹೆಡ್‌ಮಾಸ್ಟರರ ಕಣ್ಣಿತ್ತು. “ಶಾಲೆ ಮಕ್ಕಳು ನಿಮ್ಮ ಮಾತು ಕೇಳಿದ್ದು ಕ್ಲಾಸಿನ ಬಾಗಿಲು ಹಾಕಿದ್ದಕ್ಕೆ, ಭಾವ,” ಎಂದು ಹೆಂಡತಿಯ ತಮ್ಮ ಮನೆಮಂದಿಯೆದುರು ಅಂದಿದ್ದ. ಅದು ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಭಾನುವಾರ ಆ ಮನುಷ್ಯ ಸೋಫಾದಲ್ಲಿ ತೆಪ್ಪಗೆ ಕೂತು ಕೇಳಬೇಕು. ಹೆಡ್‌ಮಾಸ್ಟರರಿಗೆ ಬೇರೇನೂ ಬೇಕಿರಲಿಲ್ಲ.

“ಫಾದರ್ ಊರಲ್ಲಿಲ್ಲ. ಅವರ ಪರವಾಗಿ ನಾವು ಮಾತಾಡ್ತೀವಿ,” ಎನ್ನುತ್ತ ತರಬೇತುದಾರಳು ಬಂದವನನ್ನು ಕರೆತಂದು ದೀಪದ ಕೆಳಗೆ ಕೂರಿಸಿದಳು. ಅಂಗಿಗೆ ಮೈಕು ಸಿಕ್ಕಿಸಿದಳು. ಕ್ಯಾಮೆರಾಕ್ಕೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು.

“ಕೂರೋಕೆ ಹೊತ್ತಿಲ್ಲ ಮೇಡಂ. ಒಂದು ವಿಷಯ ಕೇಳ್ಬೇಕಿತ್ತು.”

“ಕೇಳಿ. ಅದಕ್ಕೇ ತಾನೇ ನಾವಿರೋದು.”

ಮೊದಲು ಬೇಕರಿಯವನು ಎದುರು ಕೂತ. ಬಂದವನು ಎದೆಯ ಮೇಲಿನ ಮೈಕನ್ನು ಒಮ್ಮೆ ನೋಡಿಕೊಂಡ.

“ನಿಮ್ಮವಳೊಬ್ಬಳು ಬೇರೆ ಧರ್ಮದವನನ್ನ ಕಟ್ಕೊಂಡು ಹೋದ್ಲು ಅಂತಿಟ್ಕೊಳ್ಳಿ. ಮದ್ವೆ ರಿಜಿಸ್ಟ್ರಾರ್ ಆಫೀಸಲ್ಲಿ. ಅಂಥವಳನ್ನ ನೀವು ಏನಂತೀರಿ?”

ತರಬೇತಿಯಲ್ಲಿ ಉರುಹೊಡೆಸಿದ ಪ್ರಶ್ನೆಯೇ. ಬೇಕರಿಯವನು ಕಲಿತಂತೆ ನಕ್ಕ. “ಒಳ್ಳೇ ಪ್ರಶ್ನೆ. ಆದ್ರೆ ಜನಕ್ಕೆ ನಿಜವಾಗಿ ಗೊತ್ತಾಗ್ಬೇಕಾದ್ದು, ನಮ್ಮ ಚರ್ಚು ಎಷ್ಟೊಂದು ಶಾಲೆ ನಡೆಸ್ತಿದೆ ಅನ್ನೋದು.”

“ಸೇತುವೆ ಗಟ್ಟಿಯಾಗಿದೆ,” ಎಂದಳು ತರಬೇತುದಾರಳು. ಕಷ್ಟದ ಪ್ರಶ್ನೆಯಿಂದ ತನಗೆ ಅನುಕೂಲವಾದ ಮಾತಿಗೆ ದಾಟುವುದನ್ನು ಅವಳು ಸೇತುವೆ ಎನ್ನುತ್ತಿದ್ದಳು.

ಬಂದವನು ಏಜೆಂಟನ ಕಡೆ ತಿರುಗಿದ. “ಶಾಲೆ ಮಾತು ಬೇಡ. ಅವಳು ಎಷ್ಟೋ ವರ್ಷ ಈ ಕಡೆ ತಲೆ ಹಾಕಲಿಲ್ಲ. ಆದ್ರೂ ಮಲಗೋವಾಗ ಶಿಲುಬೆ ಗುರುತು ಹಾಕ್ಕೊಳ್ತಿದ್ಲು. ಅದು ಲೆಕ್ಕಕ್ಕೆ ಬರುತ್ತಾ?”

“ನಿಮ್ಮ ಕಳಕಳಿ ಅರ್ಥ ಆಗುತ್ತೆ,” ಎಂದ ಏಜೆಂಟ್. “ಈ ಬಗ್ಗೆ ಮೂರು ಅಂಶ ಹೇಳ್ತೀನಿ.” ಎರಡು ಹೇಳಿದ. ಮೂರನೆಯದು ಮರೆತುಹೋಗಿ, ಮೊದಲಿನದನ್ನೇ ಇನ್ನಷ್ಟು ನಗುತ್ತ ಹೇಳಿದ.

ಬಂದವನು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗಿತು.

“ಅಳು ಬೇರೆ ಬರಿಸ್ಕೊಂಡ,” ಎಂದು ಬೇಕರಿಯವನು ತಲೆದೂಗಿದ. “ಇವನು ನಾಟಕದಲ್ಲಿ ಇರಬೇಕಿತ್ತು.”

ಹೆಡ್‌ಮಾಸ್ಟರರ ಸರದಿ ಬಂತು. ಟೈ ಸರಿಮಾಡಿಕೊಂಡು ಕೂತರು.

“ಸರ್, ನೀವಾದ್ರೂ ಹೇಳಿ. ಅವಳು ನಿಮ್ಮವಳೋ, ಅಲ್ವೋ?”

“ಒಳ್ಳೆಯ ಪ್ರಶ್ನೆ.”

“ನಿಮ್ಮವಳೋ, ಅಲ್ವೋ?”

“ನೋಡಿ, ಬಿಷಪರು ಮೊನ್ನೆಯ ಸಂದೇಶದಲ್ಲಿ...”

“ಬಿಷಪರದ್ದು ಬೇಡ ಸರ್. ನಿಮ್ಮನ್ನ ಕೇಳ್ತಿದ್ದೀನಿ.”

ತರಬೇತುದಾರಳು ಗಡಿಯಾರ ತೋರಿಸಿದಳು. “ಸೇತುವೆ ಕಟ್ಟಿ ಮೇಷ್ಟ್ರೇ, ಕಟ್ಟಿ,” ಎಂದು ಹಿಂದಿನಿಂದ ಏಜೆಂಟ್ ಉಸುರಿದ.

ಹೆಡ್‌ಮಾಸ್ಟರರು ಹುಡುಕಿದರು. ಶಾಲೆಗಳನ್ನು ಬೇಕರಿಯವನು ಬಳಸಿಬಿಟ್ಟಿದ್ದ. ಆಸ್ಪತ್ರೆ ಎಂಬ ಮಾತು ನೆನಪಾಯಿತು, ಅದರ ಹಿಂದೆ ಮುಂದೆ ಏನೂ ಬರಲಿಲ್ಲ. ಮುಖದ ಮೇಲೆ ನಗು ಹಾಗೇ ಉಳಿದು ಕೆನ್ನೆ ನೋಯತೊಡಗಿತು. ಎದುರಿನ ಕೆಂಪು ಕಣ್ಣುಗಳು ಕದಲಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಆಡಿಬಿಟ್ಟರು.

“ನಮ್ಮವಳೇ ಕಣಪ್ಪ. ಯಾವಾಗ ಬಂದ್ರೂ ನಮ್ಮವಳೇ. ಬರೋಕೆ ಹೇಳು.”

ತರಬೇತುದಾರಳು ಪೆನ್ನು ಕೆಳಗಿಟ್ಟಳು. “ಮುಗೀತು. ಸೇತುವೆ ಇಲ್ಲ, ಸಂದೇಶ ಇಲ್ಲ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡೋದಾದ್ರೆ ಇಷ್ಟು ದಿನ ತರಬೇತಿ ಯಾಕೆ ಬೇಕಿತ್ತು ಮೇಷ್ಟ್ರೇ?”

ಬೇಕರಿಯವನು ಆಗಲೇ ಕಾಲರು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಭಾನುವಾರದ ಸೋಫಾದ ಮೇಲೆ ಹೊಟ್ಟೆ ಹಿಡಿದು ನಗುವ ಭಾವಮೈದುನ ಹೆಡ್‌ಮಾಸ್ಟರರ ಕಣ್ಣಿಗೆ ಕಟ್ಟಿದ. ಅವರು ತಲೆ ತಗ್ಗಿಸಿದರು.

ಬಂದವನು ಮೈಕು ಬಿಚ್ಚಿ ಮೇಜಿನ ಮೇಲಿಟ್ಟು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಎದ್ದ.

“ಹಾಗಾದ್ರೆ ಅವಳನ್ನ ಒಳಗೆ ತರೋಕೆ ಹೇಳ್ತೀನಿ ಸರ್,” ಎಂದ. “ಪೆಟ್ಟಿಗೆ ಹೊತ್ತವರು ಆಗಿನಿಂದ ಅಂಗಳದಲ್ಲೇ ನಿಂತಿದ್ದಾರೆ.”