ಏಳನೇ ಸಲ ಬಿಚ್ಚಿದ ಲೇಸು

ಇಪ್ಪತ್ತು ದಿನದ ಕಾಲುದಾರಿ. ನದಿ ದಂಡೆಯಲ್ಲಿ ಇನ್ನೂ ಮೊದಲ ಮೈಲಿಗಲ್ಲು ಸಿಕ್ಕಿದೆಯಷ್ಟೇ, ರಿಟೈರಾದ ಬಸ್ ಕಂಡಕ್ಟರು ಏಳನೇ ಸಲ ಬೂಟಿನ ಮೇಲೆ ಬಗ್ಗಿದರು.

"ಲೇಸು ಬಿಚ್ಚಿತು ಕಣೇ."

"ನೀವು ಲೇಸು ಕಟ್ಟೋದ್ರೊಳಗೆ ಈ ನದಿ ಸಮುದ್ರ ಸೇರಿ, ಮೋಡ ಆಗಿ, ಮಳೆ ಸುರಿಸಿ ವಾಪಸ್ ಬಂದಿರುತ್ತೆ," ಎಂದು ಹೆಂಡತಿ ಸಿಡುಕಿ ಮೈಲಿಗಲ್ಲಿಗೆ ಒರಗಿದಳು. ಅವಳ ಮಂಡಿ ನೋವಿಗೆ ಕೆಂಡವಾಗಿತ್ತು. ಗೊತ್ತಾದರೆ ಮಹಾರಾಯರು ಇಲ್ಲಿಂದಲೇ ಮನೆಗೆ ಎಳೆದೊಯ್ಯುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. ಈ ನಡಿಗೆಗಾಗಿ ಹತ್ತು ವರ್ಷ ಕಾಡಿದ್ದಳು. "ತೋರ್ಸಿ, ನಾನೇ ಬಿಗೀತೀನಿ."

ಬಗ್ಗಿ ಪ್ಯಾಂಟಿನ ಅಂಚು ಎತ್ತಿದಳು. ಬೂಟಿಗೆ ಲೇಸೇ ಇರಲಿಲ್ಲ, ಅಂಟಿಸುವ ಪಟ್ಟಿ ಇತ್ತು. ಕುಂಟುವವರು ಹತ್ತಿ ಕೂರುವ ತನಕ ಮೂವತ್ತು ವರ್ಷ ಸೀಟಿ ಊದದ ಮನುಷ್ಯ ಈಗ ನದಿಯನ್ನೇ ನೋಡುತ್ತಿದ್ದರು.

ಅವಳು ಅಂಚನ್ನು ಮೆಲ್ಲಗೆ ಕೆಳಗೆಳೆದು ಕಲ್ಲಿನ ಮೇಲೆ ಕೂತಳು.

"ನಿಧಾನಕ್ಕೆ ಕಟ್ಕೊಳ್ರಿ."